ಅವ್ವನ ಮರಿಗೆ

ನಮ್ಮ ಕಡೆ ಮುದ್ದೆ ಕಟ್ಟುವ ಮರದ ಬೋಗುಣಿಗೆ ಮರಿಗೆ ಅನ್ನುತ್ತೇವೆ. ಒಂದೇ ದಿಮ್ಮಿಯನ್ನು ಒಳಗಿನಿಂದ ಕೆತ್ತಿ ತೆಗೆದು ಮಾಡಿದ್ದು. ಎಲ್ಲೂ ಬೆಸುಗೆಯಿಲ್ಲ, ಮೊಳೆಯಿಲ್ಲ. ನಮ್ಮ ಮನೆಯದು ಹಲಸಿನ ಮರದ್ದು, ಎರಡೂ ಕೈ ಹಾಕಿ ಎತ್ತಬೇಕಾದಷ್ಟು ಭಾರ. ನೆಲಕ್ಕಿಟ್ಟರೆ ಇಟ್ಟಲ್ಲೇ ಕೂತಿರುತ್ತಿತ್ತು. ಚಿಕ್ಕಂದಿನಲ್ಲಿ ನಾನೋ ಅಣ್ಣನೋ ಓಡಾಡುವಾಗ ಅದನ್ನು ಎಡವಿದರೆ ನಮ್ಮ ಕಾಲ್ಬೆರಳು ಊದಿಕೊಳ್ಳುತ್ತಿತ್ತೇ ಹೊರತು ಅದು ಜರುಗುತ್ತಿರಲಿಲ್ಲ. ಈ ಭಾರದ ಮಾತನ್ನು ಮೊದಲೇ ಹೇಳುತ್ತಿದ್ದೇನೆ, ಮುಂದೆ ಬೇಕಾಗುತ್ತದೆ.

ನಮ್ಮೂರು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಪಕ್ಕ. ಅವ್ವ ಒಲೆಯ ಮುಂದೆ ಕೂತು ಎಸರಿಗೆ ರಾಗಿ ಹಿಟ್ಟು ಸುರಿದು, ಕೋಲಿನಿಂದ ತೊಳಸಿ, ಬೆಂದ ಹಿಟ್ಟನ್ನು ಮರಿಗೆಗೆ ಬಗ್ಗಿಸುತ್ತಿದ್ದಳು. ತಣ್ಣೀರಲ್ಲಿ ಕೈ ಅದ್ದಿ ಉಂಡೆ ಕಟ್ಟಿ ಎಲ್ಲರ ತಟ್ಟೆಗೂ ಇಟ್ಟ ಮೇಲೆ ಉಳಿದದ್ದು ಅವಳ ಪಾಲು. ಅದಕ್ಕೆ ಅವಳು ಬೇರೆ ತಟ್ಟೆ ತೆಗೆದುಕೊಂಡದ್ದನ್ನು ನಾನು ನೋಡಿಲ್ಲ. ಮರಿಗೆಯಲ್ಲೇ ಸಾರು ಬಿಟ್ಟುಕೊಂಡು ಉಣ್ಣುವಳು. ಒಂದು ಕೈಯಲ್ಲಿ ಯಾವಾಗಲೂ ಏನಾದರೊಂದು ಇರುತ್ತಿತ್ತು: ಮೊದಲು ಅಣ್ಣ, ಆಮೇಲೆ ನಾನು, ನಾವು ದೊಡ್ಡವರಾದ ಮೇಲೆ ಬೆಕ್ಕು ಓಡಿಸುವ ಕಡ್ಡಿ. ಇನ್ನೊಂದು ಕೈಯಿಂದ ತುತ್ತು ಮುರಿದು, ಮರಿಗೆಯ ಒಳಗಿನ ಓರೆಗೆ ಒತ್ತಿ ಉರುಳಿಸಿ ಬಾಯಿಗೆ ಹಾಕಿಕೊಳ್ಳುವಳು. ಉಣ್ಣುವ ವಿಷಯದಲ್ಲಿ ಅವಳಿಗೆ ಒಂಥರಾ ಜಂಬ. ಯಾರ ಕೈಯಿಂದಲೂ ತುತ್ತು ತಿಂದವಳಲ್ಲ. ಒಮ್ಮೆ ಜ್ವರ ಬಂದು ಎದ್ದು ಕೂರಲಾರದೆ ಮಲಗಿದ್ದಾಗ ಅಪ್ಪ ಗಂಜಿ ಕುಡಿಸಲು ಹೋದರೆ, ಲೋಟ ಕಿತ್ತುಕೊಂಡು ಅರ್ಧ ಎದೆಯ ಮೇಲೆ ಚೆಲ್ಲಿಕೊಂಡು ತಾನೇ ಕುಡಿದಳು. ಅಪ್ಪ ಸಾಯುವವರೆಗೂ ಅದನ್ನು ಹೇಳಿ ನಗುತ್ತಿದ್ದ.

ನನ್ನ ಮದುವೆಯಾದದ್ದು ತೊಂಬತ್ತರ ದಶಕದ ಆರಂಭದಲ್ಲಿ. ಗಂಡನಿಗೆ ಬಬ್ಬೂರು ಫಾರಂನಲ್ಲಿ ಕೆಲಸ, ಬಾಡಿಗೆ ಮನೆ ಹಿರಿಯೂರಿನಲ್ಲಿ. ನೆಂಟರೆಲ್ಲ ಸ್ಟೀಲಿನ ಬಿಂದಿಗೆ, ಸ್ಟೀಲಿನ ಡಬ್ಬಿ ಕೊಟ್ಟರು. ಅವ್ವ ಮಾತ್ರ ಹೊಸದುರ್ಗದ ಕಡೆಯ ಒಬ್ಬ ಬಡಗಿಯಿಂದ ತನ್ನದರ ಅಚ್ಚಿನಲ್ಲೇ ಸಣ್ಣದೊಂದು ಮರಿಗೆ ಮಾಡಿಸಿ ತಂದಿದ್ದಳು. ಅವಳ ಮರಿಗೆಯನ್ನು ಕೆತ್ತಿದ್ದೂ ಆ ಮನೆತನದವರೇ. ನಾನು ಹೊರಡುವಾಗ ಅದನ್ನು ಮಡಿಲಿಗಿಟ್ಟು ಒಂದು ಮಾತು ಹೇಳಿದಳು: "ಇದು ನಿನ್ ಮನೇದು. ತಿರುಗಿ ಈ ಹೊಸ್ಲು ದಾಟಿ ಒಳಗೆ ಬರಬಾರ್ದು."

ನಮ್ಮಲ್ಲಿ ಅದೊಂದು ನಂಬಿಕೆ. ಮಗಳಿಗೆ ಕೊಟ್ಟ ಅಡುಗೆ ಪಾತ್ರೆ ತವರಿಗೆ ವಾಪಸ್ಸು ಬಂತೆಂದರೆ ಅವಳ ಒಲೆ ಆರಿತು ಅಂತ ಲೆಕ್ಕ. ಒಂದೋ ಗಂಡ ಹೋಗಿರಬೇಕು, ಇಲ್ಲವೇ ಗಂಡ ಅವಳನ್ನು ಬಿಟ್ಟಿರಬೇಕು. ಅದಕ್ಕೇ ತವರಿಗೆ ಬರುವಾಗ ತಿಂಡಿ ತುಂಬಿ ತರುವ ಡಬ್ಬಿಯನ್ನೂ ಬೇರೆಯದನ್ನೇ ಆರಿಸಿಕೊಳ್ಳುತ್ತೇವೆ. ಆಗ ನಾನು ಅಳುವ ಗಡಿಬಿಡಿಯಲ್ಲಿದ್ದೆ, ಸುಮ್ಮನೆ ತಲೆಯಾಡಿಸಿದೆ.

ಅಣ್ಣನ ಮದುವೆಯಾಗಿ ಅತ್ತಿಗೆ ಬಂದಳು. ಒಳ್ಳೆಯವಳು, ನಗುಮುಖದವಳು. ಅವಳಿಗಿದ್ದ ಒಂದೇ ಚಟ ಹೊಸ ಸಾಮಾನಿನದು. ತೊಂಬತ್ತು ಮುಗಿದು ಎರಡು ಸಾವಿರ ಶುರುವಾಗುವ ಹೊತ್ತಿಗೆ ಸಂತೆಯ ತುಂಬ ಚೈನಾ ಮಾಲು ಬಂದಿತ್ತು. ಪಿಂಗಾಣಿಯಂತೆ ಕಾಣುವ, ಪಿಂಗಾಣಿಯಲ್ಲದ ತಟ್ಟೆಗಳು, ಮಿಠಾಯಿ ಬಣ್ಣದ ಸೌಟುಗಳು, ಒಂದರೊಳಗೊಂದು ಕೂರುವ ಡಬ್ಬಿಗಳು. ಚಿತ್ರದುರ್ಗಕ್ಕೆ ಹೋದಾಗಲೆಲ್ಲ ಅತ್ತಿಗೆ ಒಂದಾದರೂ ತರದೆ ಬಂದವಳಲ್ಲ. ಒಮ್ಮೆ ಗಿಳಿಹಸಿರು ಬಣ್ಣದ ಬೇಸಿನ್ ತಂದು, ಇನ್ನು ಮುದ್ದೆ ಇದರಲ್ಲೇ ಕಟ್ಟೋಣ, ಆ ಮರದ್ದನ್ನು ಎತ್ತಿ ಎತ್ತಿ ಸೊಂಟ ಬಿದ್ದುಹೋಯಿತು ಅಂದಳು. ಅವ್ವ ಕುದಿಯುವ ಹಿಟ್ಟನ್ನು ಅದಕ್ಕೇ ಬಗ್ಗಿಸಿದಳು. ನಾವು ನೋಡುತ್ತಿದ್ದಂತೆ ಬೇಸಿನ್ನಿನ ತಳ ಜೋತುಬಿತ್ತು. ಆವತ್ತಿನ ಮುದ್ದೆಗೆಲ್ಲ ಚಪ್ಪಲಿ ಅಂಗಡಿಯ ವಾಸನೆ.

"ಹಡಗಿನಾಗೆ ಬಂದೈತಲ್ಲ ಪಾಪ, ಬಿಸಿ ಅಭ್ಯಾಸ ಇಲ್ಲ" ಅಂದಳು ಅವ್ವ. ಅತ್ತಿಗೆಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೇಸಿನ್ನು ಕೋಳಿಗೆ ನೀರಿಡಲು ಹಿತ್ತಲಿಗೆ ಹೋಯಿತು, ಮರಿಗೆ ಒಲೆಯ ಮುಂದೆ ಬಂದು ಕೂತಿತು.

ನಾನು ಅವ್ವನ ಮಗಳೇ. ಹಿರಿಯೂರಿನ ವಠಾರದಲ್ಲಿ ಮರದ ಸೌಟು, ಮರದ ಕೋಲು, ಮರಿಗೆ ಇಟ್ಟುಕೊಂಡವಳು ನಾನೊಬ್ಬಳೇ. ಪಕ್ಕದ ಮನೆಯವರು ಒಂದು ಹಬ್ಬಕ್ಕೆ ಕೊಂಡ ತಟ್ಟೆ ಮುಂದಿನ ಹಬ್ಬಕ್ಕೆ ಇರುತ್ತಿರಲಿಲ್ಲ. ತಿಪ್ಪೆಯಲ್ಲಿ ಅದರ ಬಣ್ಣದ ಚೂರುಗಳು ಕರಗಲಾರದೆ ಬಿದ್ದಿರುತ್ತಿದ್ದವು. ನನ್ನ ಮರಿಗೆ ಬಳಸಿದಷ್ಟೂ ನುಣುಪಾಗುತ್ತಿತ್ತು. ಬೇಸಿಗೆಯಲ್ಲಿ ಒಂದು ಸಲ ಹರಳೆಣ್ಣೆ ಕುಡಿಸಿದರೆ ವರ್ಷವಿಡೀ ಅದರ ಗೊಡವೆಯಿಲ್ಲ. ಹಳ್ಳಿ ಗಮಾರಿ ಅಂತ ಯಾರಾದರೂ ಅಂದರೆ ನಾನೂ ಸುಮ್ಮನಿರುತ್ತಿರಲಿಲ್ಲ, ನಿಮ್ಮ ಸೌಟಿನ ತುದಿ ಕರಗಿ ಯಾರ ಹೊಟ್ಟೆಗೆ ಹೋಯಿತು ಹುಡುಕಿ ಅನ್ನುತ್ತಿದ್ದೆ.

ಅಪ್ಪ ತೀರಿಕೊಂಡು ಕೆಲವು ವರ್ಷದ ಮೇಲೆ ಅವ್ವನಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳಂತೆ. ಬಲಗೈ, ಬಲಗಾಲು ಬಿದ್ದುಹೋದವು, ಮಾತೂ ಹೋಯಿತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಬಹಳ ದಿನ ಇಟ್ಟುಕೊಂಡಿದ್ದರು. ನಾನು ಹಗಲು, ಅಣ್ಣ ರಾತ್ರಿ ಅಂತ ಸರದಿಯಲ್ಲಿ ಕೂತೆವು. ಊರಲ್ಲಿ ಅತ್ತಿಗೆ ಒಬ್ಬಳೇ ಮನೆ ನೋಡಿಕೊಳ್ಳುತ್ತಿದ್ದಳು.

ಆಗಲೇ ನಮ್ಮೂರಿಗೆ ಮೆಟಡಾರ್ ಬಂದದ್ದು. ಹಳೆಯ ಮರದ ಸಾಮಾನು ಯಾವುದಿದ್ದರೂ ಕೊಡಿ, ಬದಲಿಗೆ ಹೊಸ ಡಬ್ಬಿಗಳ ಸೆಟ್ಟು ತೆಗೆದುಕೊಳ್ಳಿ ಅಂತ ಮೈಕಿನಲ್ಲಿ ಕೂಗುತ್ತ ಬೀದಿ ಬೀದಿ ಸುತ್ತಿದರಂತೆ. ಆ ಮರದ ಸಾಮಾನೆಲ್ಲ ದೊಡ್ಡ ಊರುಗಳಲ್ಲಿ ಹಜಾರದ ಅಲಂಕಾರಕ್ಕೆ ಹೋಗುತ್ತವೆ ಅಂತ ಆಮೇಲೆ ಗೊತ್ತಾಯಿತು. ಅತ್ತೆ ಇನ್ನು ಮುದ್ದೆ ತೊಳಸುವ ಹಾಗಿಲ್ಲ, ತನ್ನ ಸೊಂಟಕ್ಕೆ ಅದನ್ನು ಎತ್ತುವ ಶಕ್ತಿಯಿಲ್ಲ ಅಂದುಕೊಂಡು ಅತ್ತಿಗೆ ಮರಿಗೆ ಕೊಟ್ಟುಬಿಟ್ಟಳು. ಇದನ್ನು ಅವಳು ಯಾರಿಗೂ ಹೇಳಲಿಲ್ಲ, ಹೇಳುವಂಥ ದೊಡ್ಡ ವಿಷಯ ಅಂತಲೂ ಅವಳಿಗೆ ಅನ್ನಿಸಿರಲಿಲ್ಲ.

ಅವ್ವ ಮನೆಗೆ ಬಂದಳು. ಮೊದಲ ದಿನ ತಟ್ಟೆಗೆ ಮುದ್ದೆ ಸಾರು ಹಾಕಿ ಮುಂದಿಟ್ಟರೆ ಎಡಗೈಯಿಂದ ಮುರಿಯಲು ಹೋದಳು. ಹಿಡಿದುಕೊಳ್ಳಲು ಇನ್ನೊಂದು ಕೈಯಿಲ್ಲ. ತಟ್ಟೆ ಹಗುರ, ತುತ್ತಿಗೆ ಕೈ ಹಾಕಿದ ಹಾಗೆಲ್ಲ ಅದು ನೆಲದ ಮೇಲೆ ಮುಂದೆ ಮುಂದೆ ಓಡಿತು. ಕೊನೆಗೆ ಮಗುಚಿ ಸಾರೆಲ್ಲ ಚಾಪೆಗೆ ಹರಿಯಿತು. ಅವತ್ತಿನಿಂದ ಅತ್ತಿಗೆಯೇ ತುತ್ತು ಮಾಡಿ ತಿನ್ನಿಸತೊಡಗಿದಳು. ಅವ್ವ ಹಲ್ಲು ಕಚ್ಚಿಕೊಂಡು ಮುಖ ತಿರುಗಿಸುತ್ತಿದ್ದಳು. ತುಟಿಗೆ ತಾಗಿದ ತುತ್ತನ್ನು ಎಡಗೈಯಿಂದ ತಳ್ಳುತ್ತಿದ್ದಳು.

ಸ್ವಲ್ಪ ದಿನದ ಮೇಲೆ ಒಂದು ಮಾತು ಮರಳಿ ಬಂತು. ಒಂದೇ ಒಂದು ಮಾತು. ಊಟದ ತಟ್ಟೆ ಕಂಡ ಕೂಡಲೇ ಬಾಯಿ ಸೊಟ್ಟ ಮಾಡಿಕೊಂಡು, ಗಂಟಲ ನರ ಉಬ್ಬಿಸಿ ಹೇಳುವಳು: "ಮರಿಗೆ."

ಅಣ್ಣನಿಗೆ ಒಬ್ಬಳು ಪುಟ್ಟ ಮಗಳಿದ್ದಳು. ಮನೆಯಲ್ಲೆಲ್ಲ ಅವಳನ್ನು ಮರಿ ಅಂತಲೇ ಕರೆಯುವುದು. ಇನ್ನೇನು ಬೇಕು? ಅಜ್ಜಿ ತಾನು ಉಣ್ಣದೆ ಮರಿಗೆ ಕೊಡಿ ಅನ್ನುತ್ತಿದ್ದಾಳೆ ಅಂತ ಎಲ್ಲರ ಕಣ್ಣಲ್ಲೂ ನೀರು. ಅಣ್ಣ ನೋಡಲು ಬಂದವರಿಗೆಲ್ಲ ಅದನ್ನು ಹೇಳಿ ಹೇಳಿ ಬಿಕ್ಕುತ್ತಿದ್ದ. ಮರಿಯನ್ನು ಕರೆದು ಅವ್ವನ ಮುಂದೆ ಕೂರಿಸಿ, ಅವ್ವನ ತಟ್ಟೆಯ ತುತ್ತನ್ನು ಅವಳ ಬಾಯಿಗಿಡುತ್ತಿದ್ದರು. ಈಗ ಆತಾ, ಈಗ ನೀನು ಉಣ್ಣು ಅನ್ನುತ್ತಿದ್ದರು. ಅವ್ವ ಕಣ್ಣು ಮುಚ್ಚಿಕೊಳ್ಳುವಳು. ಮತ್ತೆ ಕಣ್ಣು ಬಿಟ್ಟು, ಇನ್ನೂ ಜೋರಾಗಿ, ಮರಿಗೆ. ಕೊಟ್ಟಿದ್ದು ಸಾಲದೇನೋ ಅಂತ ಇನ್ನೊಂದು ತುತ್ತು ಮರಿಗೆ. ಒಂದು ದಿನ ಅವ್ವ ತಟ್ಟೆಗೆ ಹೊಡೆದಳು. ಬಾಳೆಹಣ್ಣು, ಬ್ರೆಡ್ಡು, ಬಂದವರು ತಂದದ್ದೆಲ್ಲ ಮರಿಗೇ ಹೋಯಿತು. ಮಗು ಗುಂಡಗುಂಡಗಾಯಿತು, ಅವ್ವನ ಕೊರಳ ಮೂಳೆ ಎದ್ದುಬಂತು. ನಾನು ಹೋದಾಗಲೂ ಅದೇ ನಡೆಯಿತು. ಎಂಥ ಜೀವ ಇದು ಅಂತ ನಾನೂ ಕಣ್ಣೊರೆಸಿಕೊಂಡಿದ್ದೆ.

ಹಿರಿಯೂರಿಗೆ ವಾಪಸ್ಸು ಬಂದ ಮೇಲೆ ಒಂದು ಸಂಜೆ ಮುದ್ದೆ ತೊಳಸುತ್ತಿದ್ದೆ. ಹಿಟ್ಟು ಬೆಂದು ಗಟ್ಟಿಯಾಗಿತ್ತು, ಕೋಲಿನಿಂದ ಕೈ ತೆಗೆಯುವ ಹಾಗಿರಲಿಲ್ಲ. ಹೊರಗಿದ್ದ ನನ್ನ ಮಗಳಿಗೆ, ಮರಿಗೆ ತಗಂಬಾರೇ ಅಂತ ಕೂಗಿದೆ. ಅವಳು ತಂದು ಕಾಲ ಬಳಿ ಇಟ್ಟು ಹೋದಳು. ನಾನು ಅದನ್ನೇ ನೋಡುತ್ತ ಕೂತೆ. ಈಗ ತಾನೇ ನನ್ನ ಬಾಯಿಂದ ಹೊರಟದ್ದು ಅವ್ವನ ಮಾತು. ಅದೇ ಮಾತು, ಬಿಡಿಸಿ ಹೇಳಬೇಕಾದದ್ದು ಏನೂ ಇರಲಿಲ್ಲ. ಹಿಟ್ಟು ತಳ ಹತ್ತಿ ಹೊಗೆ ಬಂದಾಗ ಗಂಡ ಓಡಿಬಂದು ಗ್ಯಾಸ್ ಆರಿಸಿದರು.

ಅವ್ವ ಯಾರಿಗೂ ಏನನ್ನೂ ಕೊಡಿ ಅನ್ನುತ್ತಿರಲಿಲ್ಲ. ಜರುಗದೆ ಕೂರುವ, ಒಂದೇ ಕೈಯಲ್ಲಿ ತುತ್ತು ಉರುಳಿಸಿಕೊಳ್ಳಬಹುದಾದ ತನ್ನ ಮರಿಗೆಯನ್ನು ಕೇಳುತ್ತಿದ್ದಳು. ತಾನೇ ಉಣ್ಣುತ್ತೇನೆ ಅನ್ನುತ್ತಿದ್ದಳು. ಆ ಸಾಮಾನು ಕಣ್ಣೆದುರು ಇದ್ದಿದ್ದರೆ ಯಾರಾದರೂ ಎಳೆದು ತಂದು ಮುಂದಿಡುತ್ತಿದ್ದರು. ಅದು ಮನೆ ಬಿಟ್ಟು ಹೋದ ಹಿಂದೆಯೇ ಅದರ ಹೆಸರೂ ಹೋಗಿತ್ತು, ಅವ್ವನ ಬಾಯಲ್ಲಿ ಮಾತ್ರ ಉಳಿದಿತ್ತು.

ಅಣ್ಣನಿಗೆ ಫೋನು ಮಾಡಿ, ಅವ್ವನ ಮರಿಗೆ ಎಲ್ಲೈತೆ ಅಂತ ಕೇಳಿದೆ.

"ಮರಿಗೇನಾಗೈತೆ? ಚೆನ್ನಾಗೈತೆ. ಇಲ್ಲೇ ಅಂಗಳದಾಗೆ ಆಡ್ತೈತೆ" ಅಂದ.

ನಾನು ಕಿರುಚಿದೆ. ಮುದ್ದೆ ಕಟ್ಟೋ ಮರಿಗೆ, ಮರದ್ದು, ಅಂತ ಬಿಡಿಸಿ ಹೇಳಿದ ಮೇಲೆ ಅವನು ಅತ್ತಿಗೆಯನ್ನು ಕರೆದ. ಫೋನು ಅತ್ತಿಗೆಯ ಕೈಗೆ ಹೋಯಿತು. ಅವಳು ಮೆಟಡಾರಿನ ವಿಷಯ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ಎಲ್ಲ ಹೊಳೆಯಿತು.

ಮರುದಿನ ಬೆಳಿಗ್ಗೆ ನನ್ನ ಮರಿಗೆಯನ್ನು ತೊಳೆದು ಒರೆಸಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ, ಹೊಳಲ್ಕೆರೆಯಲ್ಲಿ ಮತ್ತೆ ಬದಲಿಸಿ, ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮುಟ್ಟಿ ನೋಡಿ, ಚೆನ್ನಾಗೈತೆ, ಶೋಕೇಸಿಗಾ ಅಂತ ಕೇಳಿದಳು. ನಾನು ಮುಖ ಆಚೆ ತಿರುಗಿಸಿದೆ. ಮನೆಯ ಹೊಸ್ತಿಲಲ್ಲಿ ಮದುವೆಯ ದಿನದ ಮಾತು ನೆನಪಾಯಿತು. ಉಣ್ಣದೆ ಬಿದ್ದಿರುವ ಅವ್ವನಿಗಿಂತ ಅದು ಹೆಚ್ಚಲ್ಲ ಅಂದುಕೊಂಡು ದಾಟಿದೆ.

ಅತ್ತಿಗೆ ಆಗಲೇ ಮುದ್ದೆ ಮಾಡಿಟ್ಟಿದ್ದಳು. ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿ ಮುಂದೆ ಮರಿಗೆ ಇಟ್ಟೆ. ಆ ಕಣ್ಣಿಗೆ ಬಂದ ಬೆಳಕನ್ನು ನಾನು ನೋಡಿದ್ದೇನೆ, ಅದನ್ನು ಯಾರೂ ನನ್ನಿಂದ ಕಿತ್ತುಕೊಳ್ಳಲಾರರು. ಎಡಗೈ ಚಾಚಿ ಅಂಚು ಮುಟ್ಟಿದಳು. ಅಂಚಿನುದ್ದಕ್ಕೂ ಬೆರಳಾಡಿಸಿದಳು. ಅರ್ಧ ಸುತ್ತು ಬರುವಷ್ಟರಲ್ಲಿ ಕೈ ನಿಂತಿತು. ಇದು ಸಣ್ಣದು, ತನ್ನದಲ್ಲ. ತಲೆಯೆತ್ತಿ ನನ್ನ ಹಣೆ ನೋಡಿದಳು, ಆಮೇಲೆ ಕೊರಳು. ಅವಳ ಬೆರಳು ನನ್ನ ಸೆರಗು ಸರಿಸಿ ತಾಳಿ ಇದೆಯೋ ಇಲ್ಲವೋ ತಡಕಾಡಿತು.

ಏನೂ ಆಗಿಲ್ಲವ್ವ, ಅವರು ಚೆನ್ನಾಗಿದ್ದಾರೆ, ನೀನು ಉಣ್ಣಲಿ ಅಂತ ತಂದೆ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಅಷ್ಟು ದಿನದ ಹಸಿವಿನಲ್ಲಿ, ಅಷ್ಟು ಸೋತ ಒಂದೇ ಕೈಯಿಂದ, ಆ ಭಾರದ ಮರಿಗೆಯನ್ನು ನನ್ನ ಮಡಿಲವರೆಗೂ ತಳ್ಳಿದಳು. ಆಮೇಲೆ ಅಡುಗೆ ಮನೆಯ ಕಡೆ ನೋಡಿ ಮೆಲ್ಲಗೆ ಕೇಳಿದಳು, ಮರಿಗೆ. ಈ ಸಲ ಯಾರಿಗೂ ತಪ್ಪಾಗಿ ಕೇಳಿಸಲಿಲ್ಲ. ಇದು ನಿಂದು, ನಂದೆಲ್ಲಿ ಅಂತ ಆ ಮಾತಿನ ಅರ್ಥ.

ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. "ಕೊಟ್ಬಿಟ್ಟೆ ಅತ್ತೆ" ಅಂದಳು. "ನೀನು ಆಸ್ಪತ್ರೆಗಿದ್ದಾಗ ಕೊಟ್ಬಿಟ್ಟೆ."

ಅವ್ವ ಅವಳನ್ನು ಬಹಳ ಹೊತ್ತು ನೋಡಿದಳು. ಬೈಯಲು ಮಾತಿರಲಿಲ್ಲ. ಇದ್ದಿದ್ದರೂ ಬೈಯುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಸಾಯುವವರೆಗೂ ಆ ಮಾತನ್ನು ಮತ್ತೆ ಆಡಲಿಲ್ಲ. ಇದ್ದದ್ದು ಒಂದೇ ಮಾತು, ಅದನ್ನೂ ಬಿಟ್ಟುಬಿಟ್ಟಳು.

ಅವತ್ತೇ ಅಣ್ಣನನ್ನು ಎಳೆದುಕೊಂಡು ಹೊಸದುರ್ಗದ ಬಸ್ಸು ಹತ್ತಿದೆ. ದಾರಿಯಲ್ಲಿ ಅವನಿಗೆ ಬಾಯಿಗೆ ಬಂದಂತೆ ಬೈದೆ, ಅವನು ಬೈಸಿಕೊಂಡು ಕೂತ. ಬಡಗಿಯ ಮನೆಯಲ್ಲಿ ಹಳಬರು ಇರಲಿಲ್ಲ. ಮಗ ಪ್ಲೈವುಡ್ಡಿನ ಬಾಗಿಲು, ವಾರ್ಡ್‌ರೋಬು ಮಾಡಿಕೊಂಡಿದ್ದ. ಮರಿಗೆ ಕೇಳಿ ಯಾರೂ ಬಂದಿಲ್ಲ, ಆದರೂ ಉಳಿಗಳಿವೆ, ಕೆತ್ತುತ್ತೇನೆ ಅಂದ. ಬೇಗ ಬೇಕು ಅಂದೆ. ಹಸಿ ಮರದಲ್ಲಿ ಅವಸರ ಮಾಡಿದರೆ ಸೀಳು ಬಿಡುತ್ತದೆ, ಒರಟಾಗಿ ಕೆತ್ತಿ ನೆರಳಲ್ಲಿ ಒಣಗಿಸಿ ಆಮೇಲೆ ಒಳಗಿನದು ತೆಗೆಯಬೇಕು, ಕಾಯಬೇಕು ಅಂದ. ಅವನು ಹೇಳಿದ್ದು ನ್ಯಾಯವಾಗಿಯೇ ಇತ್ತು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಸಮುದ್ರದಾಚೆಯ ಡಬ್ಬಿ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತದೆ, ಹೊಸದುರ್ಗದಿಂದ ಒಂದು ಮರಿಗೆ ಬರಲು ನಮ್ಮವ್ವ ಕಾಯಬೇಕು. ಅವಳ ಹತ್ತಿರ ಕಾಯಲು ಎಷ್ಟಿದೆ ಅಂತ ಯಾರಿಗೆ ಗೊತ್ತು?

ಕಾದೆವು. ಆ ದಿನಗಳಲ್ಲಿ ಅವ್ವ ತಟ್ಟೆ ತಳ್ಳಲಿಲ್ಲ, ಹಲ್ಲು ಕಚ್ಚಲಿಲ್ಲ. ತುತ್ತು ಹತ್ತಿರ ಬಂದರೆ ಬಾಯಿ ತೆರೆಯುತ್ತಿದ್ದಳು. ಅಣ್ಣ ಫೋನಿನಲ್ಲಿ, ಈಗ ಚೆನ್ನಾಗಿ ಉಣ್ತಾಳೆ, ಹಟ ಬಿಟ್ಟಾಳೆ ಅಂದಾಗ ನನಗೆ ಸಮಾಧಾನವಾಗಲಿಲ್ಲ. ಹೋಗಿ ನೋಡಿದೆ. ನಾನೇ ತಿನ್ನಿಸಿದೆ. ನನ್ನ ಕೈಯಿಂದಲೂ ತಿಂದಳು, ಎಲ್ಲೋ ನೋಡುತ್ತ, ಇಟ್ಟಿದ್ದನ್ನು ಇಟ್ಟ ಹಾಗೆ ನುಂಗುತ್ತ. ತಟ್ಟೆಗೆ ಹೊಡೆಯುತ್ತಿದ್ದ ಅವ್ವನೇ ಬೇಕಾಗಿತ್ತು ನನಗೆ. ನಾನು ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತು ಜೋರಾಗಿ ಅತ್ತೆ.

ಮಳೆಗಾಲ ಹಿಡಿಯುವ ಮುಂಚೆ ಅವ್ವ ಹೋದಳು. ಮಣ್ಣು ಮಾಡಿ, ಗಣಾರಾಧನೆಯೂ ಮುಗಿದು ನೆಂಟರು ಹೊರಟು ಹೋದ ಮೇಲೆ ಒಂದು ಮಧ್ಯಾಹ್ನ ಬಡಗಿ ಬಂದ. ಗೋಣಿಚೀಲದಲ್ಲಿ ಮರಿಗೆ. ಅವನಿಗೆ ಯಾರೂ ಸುದ್ದಿ ತಿಳಿಸಿರಲಿಲ್ಲ. ಎಲ್ಲಿ ಅಮ್ಮ, ಹೆಂಗವ್ರೆ ಅಂತ ಕೇಳುತ್ತಲೇ ಒಳಗೆ ಬಂದವನು ಗೋಡೆಯ ಮೇಲಿನ ಹೂವಿನ ಹಾರ ನೋಡಿ ನಿಂತುಬಿಟ್ಟ. ಅಣ್ಣ ಚೀಲ ಇಸಿದುಕೊಂಡು ಅವನಿಗೆ ನೀರು ಕೊಟ್ಟ. ಮರಿಗೆ ಅವ್ವನದೇ ಅಳತೆ, ಅಷ್ಟೇ ಭಾರ. ನೆಲಕ್ಕಿಟ್ಟರೆ ಇಟ್ಟಲ್ಲೇ ಕೂತಿತು.

ಮುಂದಿನ ಯುಗಾದಿಗೆ ನಾನು ಹೋದೆ. ಅತ್ತಿಗೆ ಒಲೆಯ ಮುಂದೆ ಇದ್ದಳು, ಬೆವರುತ್ತ ಮುದ್ದೆ ತೊಳಸುತ್ತಿದ್ದಳು. ಡಬ್ಬಿಗಳ ಸೆಟ್ಟು ಅಟ್ಟದ ಮೇಲೆ ಎಲ್ಲೋ ಸೇರಿತ್ತು. ನನಗೆ ಬೆನ್ನು ಹಾಕಿದ್ದವಳು ನಾನು ಬಂದದ್ದನ್ನು ಗಮನಿಸಿರಲಿಲ್ಲ. ಅಂಗಳದ ಕಡೆ ಕೂಗಿದಳು: "ಮರೀ, ಮರಿಗೆ ತಗಂಬಾ."

ಮಗು ಆ ಭಾರವನ್ನು ಹೊಟ್ಟೆಗೆ ಅವುಚಿಕೊಂಡು, ಹಿಂದಕ್ಕೆ ಬಾಗಿಕೊಂಡು ತಂದಿಟ್ಟಿತು. ನನ್ನನ್ನು ಕಂಡು ಹತ್ತಿರ ಬಂದು ಕೂತಿತು. ಸ್ವಲ್ಪ ಹೊತ್ತು ಮರಿಗೆಯನ್ನೇ ನೋಡಿತು. ದೊಡ್ಡವರು ಮಾತಾಡಿಕೊಂಡದ್ದನ್ನೆಲ್ಲ ಅದು ಕೇಳಿಸಿಕೊಂಡಿತ್ತೇನೋ.

"ಅತ್ತೆ, ಅಜ್ಜಿ ಇದನ್ನ ಕೇಳ್ತಿತ್ತಂತೆ" ಅಂದಿತು. "ಹಂಗಾರೆ ನಂಗೆ ಕೊಡು ಅಂತ ಹೇಳ್ತಿರ್ಲಿಲ್ವಾ?"

ಅತ್ತಿಗೆಯ ಕೋಲು ನಿಂತಿತು. ಉಣ್ಣಿಸಿದ ತುತ್ತನ್ನೆಲ್ಲ ಅಜ್ಜಿ ಕೊಟ್ಟದ್ದು ಅಂತ ತಿಂದ ಮಗು ಅದು. ಅಜ್ಜಿಯ ಬಾಯಲ್ಲಿ ಕೊನೆಯವರೆಗೂ ಉಳಿದ ಒಂದೇ ಹೆಸರು ತನ್ನದು ಅಂತ ನಂಬಿಕೊಂಡಿತ್ತು.

"ನಿಂಗೇ ಹೇಳ್ತಿದ್ಲು ಮರಿ" ಅಂದೆ. "ಮರಿಗೆ ಅಂದ್ರೆ ನಿಂಗೇ."

ಮಗು ನಂಬಿತು. ಅತ್ತಿಗೆ ಹಿಟ್ಟನ್ನು ಮರಿಗೆಗೆ ಬಗ್ಗಿಸಿದಳು. ಅವ್ವ ಬಾಯಿ ಸೊಟ್ಟ ಮಾಡಿಕೊಂಡು, ನರ ಉಬ್ಬಿಸಿಕೊಂಡು ಕೇಳಿದ್ದು ಏನನ್ನು ಅಂತ ಎಲ್ಲರಿಗಿಂತ ಮೊದಲು ಹೊಳೆದದ್ದು ನನಗೆ. ನಾನೇ ಅದನ್ನು ಇನ್ನೊಂದು ಸಲ ತಪ್ಪಾಗಿ ಹೇಳಿ ಕೂತಿದ್ದೆ.